ಕೊಂದದ್ದು ಕಲ್ಲಲ್ಲ, ಜೊತೆಗಾರರ ಮಾತು

ಹಝ್ರತ್ ಜಾಬಿರ್(ರ) ವರದಿ ಮಾಡಿರುವ ಒಂದು ಘಟನೆ ಅಬೂದಾವೂದ್ ಹದೀಸ್ ಸಂಗ್ರಹದಲ್ಲಿದೆ. ಒಂದು ತಂಡ ಪ್ರಯಾಣ ಹೊರಟಿತ್ತು. ದಾರಿಯಲ್ಲಿ ಒಬ್ಬರ ತಲೆಗೆ ಕಲ್ಲು ಬಡಿದು ದೊಡ್ಡ ಗಾಯವಾಯಿತು. ಅದೇ ಸ್ಥಿತಿಯಲ್ಲಿ ಅವರಿಗೆ ಸ್ನಾನ ಕಡ್ಡಾಯವಾಯಿತು. ಒಡೆದ ತಲೆಗೆ ನೀರು ಸುರಿದುಕೊಳ್ಳುವುದು ಹೇಗೆ? ತಯಮ್ಮುಮ್ ಮಾಡಿದರೆ ಸಾಕೇ ಎಂದು ಜೊತೆಗಾರರನ್ನು ಕೇಳಿದರು. ನೀರು ಸಿಗುತ್ತಿರುವಾಗ ಆ ರಿಯಾಯಿತಿ ನಿಮಗಿಲ್ಲವೆಂದು ಜೊತೆಗಾರರು ತೀರ್ಪು ಕೊಟ್ಟರು. ಅವರು ಸ್ನಾನ ಮಾಡಿದರು, ಮೃತಪಟ್ಟರು. ಸುದ್ದಿ ಪ್ರವಾದಿ(ಸ)ಯವರನ್ನು ತಲುಪಿದಾಗ ಅವರು ಕಲ್ಲನ್ನು ದೂರಲಿಲ್ಲ, ವಿಧಿಯನ್ನೂ ಹೆಸರಿಸಲಿಲ್ಲ. ಆ ಮನುಷ್ಯನನ್ನು ಕೊಂದವರು ಅವನ ಜೊತೆಗಾರರೇ ಎಂದು ಕಠಿಣವಾಗಿ ನುಡಿದರು. ತಿಳಿಯದಿದ್ದ ಮೇಲೆ ಬಲ್ಲವರನ್ನು ವಿಚಾರಿಸಬೇಕಿತ್ತು, ಅರಿವಿಲ್ಲದವನಿಗೆ ವಿಚಾರಣೆಯೇ ಮದ್ದು ಎಂಬುದು ಅವರ ಮಾತಿನ ಸಾರ.

ಈ ಹದೀಸನ್ನು ನಾವೆಲ್ಲ ತಯಮ್ಮುಮಿನ ಪಾಠದಲ್ಲಿ ಕೇಳಿದವರೇ. ಆದರೆ ಒಂದು ಸಂಗತಿಯನ್ನು ಗಮನಿಸಿದವರು ಕಡಿಮೆ. ಅದು ತಲೆಗೆ ಪೆಟ್ಟಾದ ಒಬ್ಬ ಮನುಷ್ಯನ ಕಥೆ. ಅವನ ಸುತ್ತಲಿದ್ದವರು ದುಷ್ಟರಲ್ಲ. ನಮಾಝಿನ, ಶುದ್ಧಿಯ ಕಾಳಜಿಯಿದ್ದ ಸಜ್ಜನರು. ಗಾಯಾಳು ಏನನ್ನು ತಾಳಬಲ್ಲ, ಏನನ್ನು ತಾಳಲಾರ ಎಂಬುದು ಗೊತ್ತಿಲ್ಲದೆಯೇ ದೀನಿನ ಹೆಸರಿನಲ್ಲಿ ಮಾತನಾಡಿದರು ಎಂಬುದೊಂದೇ ಅವರ ತಪ್ಪು. ಆ ತಂಡದ ಪ್ರಯಾಣ ಇನ್ನೂ ಮುಗಿದಿಲ್ಲವೇನೋ ಎಂದು ನನಗೆ ಎಷ್ಟೋ ಸಲ ಅನಿಸಿದೆ. ಇಂದು ಅದು ಆರ್.ಟಿ. ನಗರ, ಸುಲ್ತಾನ್‌ಪಾಳ್ಯ, ಹೆಬ್ಬಾಳ, ಯಲಹಂಕ, ಯಶವಂತಪುರದ ನಮ್ಮ ಮೊಹಲ್ಲಾಗಳಲ್ಲಿ ಸಾಗುತ್ತಿದೆ.

ನನ್ನ ಪತ್ನಿಯ ತಮ್ಮ ಮೂರು ವರ್ಷಗಳ ಹಿಂದೆ ಹೆಬ್ಬಾಳದ ಮೇಲ್ಸೇತುವೆಯ ಇಳಿಜಾರಿನಲ್ಲಿ ದ್ವಿಚಕ್ರ ವಾಹನದಿಂದ ಬಿದ್ದ. ಹನ್ನೊಂದು ದಿನ ಪ್ರಜ್ಞೆ ಇರಲಿಲ್ಲ. ಆ ಹನ್ನೊಂದು ದಿನಗಳಲ್ಲಿ ಆಸ್ಪತ್ರೆಯ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಾವಲ್ ಭೈರಸಂದ್ರದಿಂದ, ಮತ್ತಿಕೆರೆಯಿಂದ ಬಂಧುಗಳು ಬಂದರು. ರಕ್ತ ಕೊಡಲು ಹುಡುಗರು ಸಾಲು ನಿಂತರು. ಜುಮಾ ನಮಾಝಿನ ಬಳಿಕ ದುಆ ಆಯಿತು. ಮೂರು ಮನೆಗಳಿಂದ ಝಮ್‌ಝಮ್ ನೀರು ಬಂತು. ಅಲ್ಲಾಹನು ಅವರೆಲ್ಲರಿಗೂ ಪ್ರತಿಫಲ ನೀಡಲಿ, ಅವರ ಋಣವನ್ನು ನಾನು ಮರೆತಿಲ್ಲ. ಅವನು ಕಣ್ಣು ತೆರೆದ, ಎದ್ದು ನಡೆದ, ಮನೆಗೆ ಬಂದ. ಎಲ್ಲರೂ ಅಲ್ಲಾಹನನ್ನು ಸ್ತುತಿಸಿ ಸಿಹಿ ತಿಂದು ಹೋದರು. ನಮ್ಮ ಮನೆಯ ಪಾಲಿಗೆ ನಿಜವಾದ ಕಾಯಿಲೆ ಆರಂಭವಾದದ್ದು ಆ ಸಂಜೆ.

ಅವನು ವೈರಿಂಗ್ ಕೆಲಸ ಬಲ್ಲವನು. ಇಡೀ ಕಟ್ಟಡದ ವೈರಿಂಗನ್ನು ಕಾಗದವಿಲ್ಲದೆ ನೆನಪಿಡುತ್ತಿದ್ದವನು ಈಗ ಒಂದು ಸ್ವಿಚ್ಚು ಬಿಚ್ಚಿ ಕುಳಿತರೆ, ಬಿಚ್ಚಿದ್ದೇಕೆಂಬುದು ಅರ್ಧದಲ್ಲಿ ಮರೆಯುತ್ತದೆ. ಅತ್ತರಿನ ಪರಿಮಳ ತಿಳಿಯುವುದಿಲ್ಲ, ಒಲೆಯ ಮೇಲೆ ಹಾಲು ಸೀದುಹೋದರೂ ತಿಳಿಯುವುದಿಲ್ಲ. ಕುಕ್ಕರಿನ ಸೀಟಿ ಕೂಗಿದರೆ ಕಿವಿ ಮುಚ್ಚಿಕೊಳ್ಳುತ್ತಾನೆ. ಬೆಳಿಗ್ಗೆ ಒಂದು ಗಂಟೆ ಮಾತನಾಡಿದರೆ ಮಧ್ಯಾಹ್ನದವರೆಗೆ ಮಲಗಬೇಕು. ಮೃದು ಸ್ವಭಾವದವನಿಗೆ ಸಣ್ಣ ಮಾತಿಗೂ ಕೋಪ ಉಕ್ಕುತ್ತದೆ, ಹತ್ತು ನಿಮಿಷದ ಬಳಿಕ ಅದೇ ಕೋಪಕ್ಕೆ ನಾಚಿ ಅಳುತ್ತಾನೆ. ಹಣೆಯ ಮೇಲಿನ ಗಾಯ ಮಾಸಿದೆ. ನೋಡುವವರಿಗೆ ಅವನು ಆರೋಗ್ಯವಂತ.

ಇದು ಒಬ್ಬನ ವಿಚಿತ್ರ ಕಥೆಯಲ್ಲ. ತಲೆಗೆ ಪೆಟ್ಟು ಬಿದ್ದಾಗ ಮಿದುಳು ಬುರುಡೆಯೊಳಗೆ ಹಿಂದಕ್ಕೂ ಮುಂದಕ್ಕೂ ಎಳೆದಾಡಲ್ಪಟ್ಟು, ನರತಂತುಗಳು ಜಗ್ಗಿ ಹರಿಯುತ್ತವೆ. ಸ್ಕ್ಯಾನ್ ಚಿತ್ರದಲ್ಲಿ ಅದು ಎಷ್ಟೋ ವೇಳೆ ಸರಿಯಾಗಿ ಕಾಣುವುದೇ ಇಲ್ಲ. ಹಣೆಯ ಹಿಂದಿನ ಭಾಗಕ್ಕೆ ಏಟಾದರೆ ಕೋಪವನ್ನು ತಡೆದುಕೊಳ್ಳುವ, ಕೆಲಸವನ್ನು ಯೋಜಿಸುವ, ಶುರು ಮಾಡಿದ್ದನ್ನು ಮುಗಿಸುವ ಶಕ್ತಿಗೇ ಪೆಟ್ಟು. ಚೇತರಿಕೆ ಮೊದಲ ಆರು ತಿಂಗಳಲ್ಲಿ ವೇಗವಾಗಿಯೂ ಆಮೇಲೆ ನಿಧಾನವಾಗಿಯೂ ಸಾಗುತ್ತದೆ, ವರ್ಷಗಳವರೆಗೂ ಸಾಗಬಹುದು. ನಿಮ್ಹಾನ್ಸ್‌ನಲ್ಲಿ ದಶಕಗಳ ಕಾಲ ಇದನ್ನು ಅಧ್ಯಯನ ಮಾಡಿದ ಡಾ. ಜಿ. ಗುರುರಾಜ್ ಅವರ ಅಂದಾಜಿನಂತೆ ದೇಶದಲ್ಲಿ ವರ್ಷಕ್ಕೆ 15ರಿಂದ 20 ಲಕ್ಷ ಮಂದಿ ಮಿದುಳಿನ ಗಾಯಕ್ಕೆ ಗುರಿಯಾಗುತ್ತಾರೆ. ಅದರಲ್ಲಿ ಸುಮಾರು ಶೇ 60 ರಸ್ತೆ ಅಪಘಾತದಿಂದ. ಬಳ್ಳಾರಿ ರಸ್ತೆ, ಹೊರವರ್ತುಲ ರಸ್ತೆ, ತುಮಕೂರು ರಸ್ತೆಗಳ ನಡುವೆ ಬದುಕುವ ನಮಗೆ ಆ ಅಂಕಿಯನ್ನು ಹೆಚ್ಚು ವಿವರಿಸಬೇಕಿಲ್ಲ. (ರಮಝಾನಿನ ರಾತ್ರಿಗಳಲ್ಲಿ ಶಿರಸ್ತ್ರಾಣವಿಲ್ಲದೆ ಮೂವರು ಮೂವರಾಗಿ ಬೈಕಿನಲ್ಲಿ ಹಾರಾಡುವ ನಮ್ಮ ಮಕ್ಕಳ ತಂದೆಯರು ಈ ಸಾಲನ್ನು ಎರಡು ಸಲ ಓದಲಿ.)

ಹೀಗಿರುವಾಗ ಮೊಹಲ್ಲಾ ಏನು ಹೇಳುತ್ತದೆ? ಮೊದಲನೆಯ ತಿಂಗಳು: ಮಾಷಾ ಅಲ್ಲಾಹ್, ಚೆನ್ನಾಗಿದ್ದಾನೆ. ಆರನೆಯ ತಿಂಗಳು: ಇನ್ನೂ ಕೆಲಸಕ್ಕೆ ಹೋಗುತ್ತಿಲ್ಲವೇ? ಒಂದು ವರ್ಷಕ್ಕೆ: ಹೆಂಡತಿಯ ದುಡಿಮೆ ಸಿಕ್ಕಿತು, ಅಭ್ಯಾಸವಾಯಿತು. ಆಮೇಲೆ ಇನ್ನೂ ಹಗುರವಾದ ಮಾತು ಬರುತ್ತದೆ: ಇದು ಡಾಕ್ಟರರ ಕೇಸಲ್ಲ, ಯಾರೋ ಏನೋ ಮಾಡಿಸಿದ್ದಾರೆ, ಇಂಥ ಕಡೆ ಒಬ್ಬ ಆಮಿಲ್ ಇದ್ದಾರೆ. ಮಾತ್ರೆಗೆ ದುಡ್ಡಿಲ್ಲದ ಮನೆಯಿಂದ ತಾಯಿತಕ್ಕೆ ದುಡ್ಡು ಹೋಗುತ್ತದೆ. ಕುರ್‌ಆನ್ ಓದಿ ಊದುವುದನ್ನು ಇಲ್ಲಿ ಯಾರೂ ನಿರಾಕರಿಸುತ್ತಿಲ್ಲ, ನಮ್ಮ ಮನೆಯಲ್ಲೂ ಅದು ಪ್ರತಿ ರಾತ್ರಿ ನಡೆಯುತ್ತದೆ. ಆದರೆ ಚಿಕಿತ್ಸೆ ಪಡೆಯಿರಿ ಎಂದು ಪ್ರವಾದಿ(ಸ)ಯವರು ಗ್ರಾಮೀಣ ಅರಬರಿಗೆ ಸ್ಪಷ್ಟವಾಗಿ ಹೇಳಿದ್ದು ಹದೀಸಿನಲ್ಲಿಯೇ ಇದೆ. ಅಪಸ್ಮಾರ ತಡೆಯುವ ಮಾತ್ರೆಯನ್ನು ನಿಲ್ಲಿಸಿ ಇದನ್ನು ಕಟ್ಟಿಕೊಳ್ಳಿ ಎನ್ನುವವನು ಆ ಪ್ರಯಾಣಿಕರ ತಂಡದ ಸದಸ್ಯ. ಅವನ ಗಡ್ಡದ ಉದ್ದವನ್ನು ನೋಡಿ ನಾವು ಮೋಸ ಹೋಗಬಾರದು.

ಇದು ಸರಕಾರದ ಕೆಲಸವಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಹೌದು, ಸರಕಾರದ್ದೇ. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಹರೀಶ್ ನಂಜಪ್ಪ ಎಂಬ ಯುವಕ ಲಾರಿಯಡಿ ಸಿಕ್ಕಿ, ಸಾಯುವ ಗಳಿಗೆಯಲ್ಲೂ ಅಂಗಾಂಗ ದಾನ ಮಾಡಿರೆಂದು ಕೇಳಿಕೊಂಡದ್ದು ನಿಮಗೆ ನೆನಪಿರಬಹುದು. ಆತನ ಹೆಸರಿನಲ್ಲಿ ಬಂದ ಸಾಂತ್ವನ ಹರೀಶ್ ಯೋಜನೆ ಅಪಘಾತದ ಮೊದಲ 48 ಗಂಟೆಗಳಿಗೆ 25,000 ರೂಪಾಯಿಗಳವರೆಗೆ ನೆರವು ಕೊಡುವಂತೆ ರೂಪುಗೊಂಡಿತ್ತು. 2025ರಲ್ಲಿ ಕೇಂದ್ರ ತಂದ ನಗದುರಹಿತ ಚಿಕಿತ್ಸಾ ಯೋಜನೆ ಏಳು ದಿನಗಳವರೆಗೆ, ಒಂದೂವರೆ ಲಕ್ಷದವರೆಗೆ. ಎರಡೂ ಒಳ್ಳೆಯವೇ, ಎರಡೂ ಜೀವ ಉಳಿಸುವಂಥವೇ. ಆದರೆ ಉಳಿದ ಜೀವ ಎಂಟನೆಯ ದಿನ ಏನು ಮಾಡಬೇಕು? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸಿದೆ. ಮಿದುಳಿನ ಗಾಯ ಎಂಬ ಹೆಸರು ಆ ಪಟ್ಟಿಯಲ್ಲಿಲ್ಲ. ದೀರ್ಘಕಾಲದ ನರರೋಗವೆಂದೋ ಮಾನಸಿಕ ಅಸ್ವಸ್ಥತೆಯೆಂದೋ ಬೇರೊಂದು ಬಾಗಿಲಿನಿಂದ ಒಳಹೊಗಬೇಕು, ಶೇ 40 ತುಂಬಿದೆಯೆಂದು ತೋರಿಸಬೇಕು. ಮರೆವು ಶೇಕಡಾ ಎಷ್ಟು ಎಂದು ಅಳೆಯುವ ಮೇಜಿನ ಮುಂದೆ, ತನ್ನ ಮರೆವನ್ನೇ ಮರೆತು, ನಾನು ಚೆನ್ನಾಗಿದ್ದೇನೆ ಸಾರ್ ಎನ್ನುವ ಗಾಯಾಳುವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಪಘಾತ ಪರಿಹಾರದ ಅರ್ಜಿಯನ್ನು ಆರು ತಿಂಗಳೊಳಗೆ ಸಲ್ಲಿಸಬೇಕೆಂದು 2019ರ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿ ಹೇಳುತ್ತದೆ, ಅದರ ವಿರುದ್ಧದ ಅರ್ಜಿಗಳು ಸುಪ್ರೀಂ ಕೋರ್ಟಿನ ಮುಂದಿವೆ. ಮನೆಯವರಿಗೆ ಆ ಆರು ತಿಂಗಳು ಕಳೆದದ್ದೇ ತಿಳಿದಿರುವುದಿಲ್ಲ. ಜಮಾಅತಿನಲ್ಲಿ ಎಷ್ಟು ಮಂದಿ ವಕೀಲರಿದ್ದಾರೆ? ಅವರಲ್ಲಿ ಒಬ್ಬರಾದರೂ ಆಸ್ಪತ್ರೆಗೆ ಹಣ್ಣಿನ ಬದಲು ಈ ಮಾಹಿತಿಯನ್ನು ತಂದಿದ್ದಾರೆಯೇ?

ಇನ್ನು ದೂರ. ಬಡವನ ಕೈಗೆಟಕುವ ನರಪುನಶ್ಚೇತನ ಚಿಕಿತ್ಸೆಯೆಂದರೆ ನಮ್ಮ ನಗರದಲ್ಲಿ ಮೊದಲು ನೆನಪಾಗುವುದು ಹೊಸೂರು ರಸ್ತೆಯ ನಿಮ್ಹಾನ್ಸ್. ಯಲಹಂಕದವರಿಗೆ ಅದು ನಗರದ ಇನ್ನೊಂದು ತುದಿ. ಹೆಂಗಸರಿಗೆ 2023ರ ಜೂನ್‌ನಿಂದ ಬಸ್ಸು ಉಚಿತ, ಅಲ್‌ಹಮ್‌ದುಲಿಲ್ಲಾಹ್. ಆದರೆ ಹೆಂಡತಿಗೆ ಉಚಿತವಾದ ಬಸ್ಸಿನ ಗದ್ದಲವನ್ನು ಗಂಡನ ತಲೆ ತಾಳುವುದಿಲ್ಲ. ಆಟೋ ಹಿಡಿದರೆ ಹೋಗಿ ಬರುವ ಬಾಡಿಗೆಗೇ ಅವಳ ದಿನದ ಕೂಲಿ ಕರಗುತ್ತದೆ. ಆದ್ದರಿಂದ ವಾರಕ್ಕೆ ಎರಡು ಸಲ ಬನ್ನಿ ಎಂದದ್ದು ತಿಂಗಳಿಗೆ ಒಂದು ಸಲವಾಗುತ್ತದೆ, ಕೊನೆಗೆ ಮಾತ್ರೆಯ ಚೀಟಿಯಷ್ಟೇ ಉಳಿಯುತ್ತದೆ. ಚೇತರಿಕೆಯ ಬೆಲೆಬಾಳುವ ತಿಂಗಳುಗಳು ಮೇಖ್ರಿ ವೃತ್ತದ ವಾಹನದಟ್ಟಣೆಯಲ್ಲಿ ಕಳೆದುಹೋಗುತ್ತವೆ. ಆ ಮನೆಯಿಂದ ಮಸೀದಿಗೆ ಇರುವ ದೂರ ಇನ್ನೂರು ಹೆಜ್ಜೆ. ಮಸೀದಿಯ ಎದುರು ಪ್ರತಿ ಶುಕ್ರವಾರ ನಿಲ್ಲುವ ಕಾರುಗಳನ್ನು ಎಣಿಸಲು ಎರಡು ಕೈಗಳ ಬೆರಳು ಸಾಲವು.

ಮಸೀದಿ ಕಮಿಟಿಗಳ ಬಗ್ಗೆ ಬರೆಯುವಾಗ ನನ್ನ ಕೈ ನಡುಗುತ್ತದೆ, ಏಕೆಂದರೆ ಅಲ್ಲಿ ದುಡಿಯುವವರಲ್ಲಿ ನನ್ನ ಗೆಳೆಯರೂ ಇದ್ದಾರೆ. ಆದರೂ ಬರೆಯಲೇಬೇಕು. ನಾವು ಝಕಾತನ್ನು ರಮಝಾನಿನ ದಿನಸಿ ಚೀಲವನ್ನಾಗಿ ಮಾಡಿಬಿಟ್ಟಿದ್ದೇವೆ. ವರ್ಷಕ್ಕೊಮ್ಮೆ ಅಕ್ಕಿ, ಎಣ್ಣೆ, ಖರ್ಜೂರ. ಒಂದು ಸಾಲು, ಒಂದು ಫೋಟೋ. ಸೂರಃ ಅತ್ತೌಬಃದಲ್ಲಿ ಝಕಾತಿನ ಎಂಟು ಹಕ್ಕುದಾರರನ್ನು ಅಲ್ಲಾಹನು ಸ್ವತಃ ನಿಗದಿಪಡಿಸಿದ್ದಾನೆ. ಅವರಲ್ಲಿ ಬಡವನೂ ನಿರ್ಗತಿಕನೂ ಇದ್ದಾರೆ, ಸಾಲದ ಹೊರೆಯಲ್ಲಿ ಸಿಲುಕಿದವನೂ ಇದ್ದಾನೆ. ಶಸ್ತ್ರಕ್ರಿಯೆಗೆಂದು ಮಹ್ರ್‌ನ ಒಡವೆಯನ್ನೂ ಅಡವಿಟ್ಟು ಮೂರು ಕಡೆ ಸಾಲ ಮಾಡಿದ ಕುಟುಂಬ ಆ ಸಾಲದವನ ವಿಭಾಗಕ್ಕೆ ಸೇರುವುದಿಲ್ಲವೇ? ಹಾಗಿದ್ದೂ ಅವರು ಪಟ್ಟಿಯಲ್ಲಿಲ್ಲ. ಕಾರಣ ಕೇಳಿದಾಗ ನನಗೆ ಸಿಕ್ಕಿದ ಉತ್ತರ: ಅವರದು ಸ್ವಂತ ಮನೆ, ಹುಡುಗ ಗಟ್ಟಿಮುಟ್ಟಾಗಿದ್ದಾನೆ. ಇಪ್ಪತ್ತು ಅಡಿ ಅಗಲದ ಸ್ವಂತ ಮನೆ! ಹಂಚಿನ ಮಾಡು ತೆಗೆದು ಅಪ್ಪ ಕಟ್ಟಿಸಿದ ಒಂದು ಮಹಡಿ. ಫಿಸಿಯೋಥೆರಪಿಸ್ಟ್ ಒಬ್ಬರನ್ನು ವಾರಕ್ಕೆ ಮೂರು ದಿನ ಮನೆಗೆ ಕಳಿಸಲು, ಹಿಂದೆ ಉಳಿದ ಮಕ್ಕಳ ಶಾಲಾ ಶುಲ್ಕ ಕಟ್ಟಲು ಬೇಕಾಗುವುದು ಒಂದೇ ದೊಡ್ಡ ಮೊತ್ತವಲ್ಲ. ತಿಂಗಳು ತಿಂಗಳು ತಪ್ಪದೆ ಬರುವ ಸಣ್ಣ ಮೊತ್ತ. ನಮಗೆ ದೊಡ್ಡದನ್ನು ಒಮ್ಮೆ ಕೊಡಲು ಬರುತ್ತದೆ. ಸಣ್ಣದನ್ನು ತಪ್ಪದೆ ಕೊಡಲು ಬರುವುದಿಲ್ಲ.

ಇದು ಹೊಸ ಕಾಲದ, ಹೊರಗಿನವರ ವಿಚಾರವೆಂದು ಹೇಳುವವರಿಗೆ ನಮ್ಮದೇ ಇತಿಹಾಸವನ್ನು ನೆನಪಿಸಬೇಕಾಗಿದೆ. ಉಮವೀ ಖಲೀಫ ವಲೀದ್ ಬಿನ್ ಅಬ್ದುಲ್ ಮಲಿಕ್ 705ರಿಂದ 715ರವರೆಗೆ ಆಳಿದರು. ಕುಷ್ಠರೋಗಿಗಳಿಗೆ ಜೀವನಾಂಶ ಕೊಟ್ಟು ಭಿಕ್ಷೆಯಿಂದ ತಡೆದರು. ನಡೆಯಲಾಗದ ಪ್ರತಿಯೊಬ್ಬನಿಗೂ ಒಬ್ಬ ಸೇವಕನನ್ನು, ಕುರುಡನಾದ ಪ್ರತಿಯೊಬ್ಬನಿಗೂ ಒಬ್ಬ ಕೈಹಿಡಿಯುವವನನ್ನು ನೇಮಿಸಿದರೆಂದು ತಬರಿಯಂತಹ ಇತಿಹಾಸಕಾರರು ದಾಖಲಿಸಿದ್ದಾರೆ. ಸುಲ್ತಾನ್ ಕಲಾವೂನ್ 1284ರಲ್ಲಿ ಕೈರೋದಲ್ಲಿ ಕಟ್ಟಿಸಿದ ಆಸ್ಪತ್ರೆ ವಕ್ಫ್ ಆದಾಯದಿಂದ ನಡೆಯುತ್ತಿತ್ತು. ಬಿಡುಗಡೆಯಾದ ರೋಗಿ ತಕ್ಷಣವೇ ದುಡಿಮೆಗೆ ಓಡಬೇಕಾಗದಿರಲೆಂದು ಅವನ ಕೈಗೆ ಹಣ ಕೊಟ್ಟು ಕಳಿಸುತ್ತಿದ್ದರೆಂದು ಹೇಳಲಾಗುತ್ತದೆ. ಆಸ್ಪತ್ರೆಯ ಬಾಗಿಲಿನಿಂದ ದುಡಿಮೆಯ ಬಾಗಿಲಿನವರೆಗೆ ಒಂದು ದಾರಿಯಿದೆ, ಆ ದಾರಿಯಲ್ಲೂ ಮನುಷ್ಯ ಉಣ್ಣಬೇಕು ಎಂಬುದು ಅವರಿಗೆ ತಿಳಿದಿತ್ತು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸುವುದು ಸಬ್ರ್ ಎಂಬ ಪವಿತ್ರ ಪದದ ದುರುಪಯೋಗ. ಗಾಯಾಳುವಿನ ಹೆಂಡತಿಯ ಮುಂದೆ ಈ ಪದವನ್ನು ಇಟ್ಟು ಎದ್ದುಹೋಗುವುದು ಎಷ್ಟು ಸುಲಭ! ಅಪಸ್ಮಾರದಿಂದ ಬಳಲುತ್ತಿದ್ದ ಮಹಿಳೆಯ ಹದೀಸನ್ನು ಉಪದೇಶಕರು ಅವಳಿಗೆ ಹೇಳುತ್ತಾರೆ. ಸಹನೆ ವಹಿಸಿದರೆ ಸ್ವರ್ಗವೆಂದು ಪ್ರವಾದಿ(ಸ)ಯವರು ಆಕೆಗೆ ಹೇಳಿದರಲ್ಲವೇ ಎಂದು. ಹದೀಸನ್ನು ಪೂರ್ತಿಯಾಗಿ ಓದೋಣ. ಪ್ರವಾದಿ(ಸ)ಯವರು ಆಕೆಯ ಮುಂದೆ ಎರಡು ದಾರಿಗಳನ್ನಿಟ್ಟರು, ಗುಣಮುಖಳಾಗಲು ದುಆ ಮಾಡಲೂ ಸಿದ್ಧರಿದ್ದರು. ಆಯ್ಕೆ ಆಕೆಯದು. ಆಕೆ ಸಹನೆಯನ್ನು ಆರಿಸಿಕೊಂಡಳು. ಬೇರೆಯವರು ಆಕೆಯ ಪರವಾಗಿ ಆರಿಸಲಿಲ್ಲ. ಅಷ್ಟರಲ್ಲೇ ಮುಗಿಯಲಿಲ್ಲ. ಸೆಳೆತ ಬಂದಾಗ ಮೈಮೇಲಿನ ಬಟ್ಟೆ ಸರಿಯುತ್ತದೆ, ಅದೊಂದು ಆಗದಿರಲಿ ಎಂದು ಆಕೆ ಕೇಳಿದಳು, ಪ್ರವಾದಿ(ಸ)ಯವರು ಅದಕ್ಕಾಗಿ ಪ್ರಾರ್ಥಿಸಿದರು. ಅಂದರೆ ಸಹನೆಯನ್ನು ಆರಿಸಿಕೊಂಡವಳ ಮಾನದ ಅಗತ್ಯವೂ ಕೇಳಲ್ಪಟ್ಟಿತು, ಪೂರೈಸಲ್ಪಟ್ಟಿತು. ನಾವಾದರೋ ಸಬ್ರನ್ನು ಅವಳ ಪಾಲಿಗೆ ಕೊಟ್ಟು, ಅಗತ್ಯವನ್ನೂ ಅವಳಿಗೇ ಬಿಟ್ಟಿದ್ದೇವೆ.

ಅದೇ ಗಾಯ ಹೆಂಗಸಿನ ತಲೆಗೆ ಆದರೆ? ಬೈಕಿನ ಹಿಂದೆ ಕುಳಿತಾಗ ದುಪ್ಪಟ್ಟಾ ಚಕ್ರಕ್ಕೆ ಸಿಕ್ಕಿ ಬಿದ್ದವಳು, ಮೆಟ್ಟಿಲಿನಿಂದ ಜಾರಿ ಬಿದ್ದವಳು ಅಡುಗೆಯ ಕ್ರಮವನ್ನೇ ಮರೆತರೆ? ಆಗ ಸಬ್ರಿನ ಉಪದೇಶಕ್ಕೆ ಯಾರೂ ಬರುವುದಿಲ್ಲ. ಅವಳನ್ನು ಸ್ವಲ್ಪ ದಿನ ತವರಿಗೆ ಕಳಿಸಿ ಎನ್ನುತ್ತಾರೆ. ಸ್ವಲ್ಪ ದಿನ ಮುಗಿಯುವುದೇ ಇಲ್ಲ. ಗಂಡನಿಗೆ ಇನ್ನೊಂದು ನಿಕಾಹಿನ ಸಲಹೆ ಬರುತ್ತದೆ. ಗಂಡು ಬಿದ್ದರೆ ಹೆಂಡತಿಗೆ ಸಬ್ರ್, ಹೆಣ್ಣು ಬಿದ್ದರೆ ಗಂಡನಿಗೆ ಮದುವೆ! ಇದು ಯಾವ ಸುನ್ನತ್?

ಒಂದು ವಿಷಯವನ್ನು ಸಂಕೋಚದಿಂದಲೇ ಎತ್ತುತ್ತೇನೆ. ಮಿದುಳಿಗೆ ಪೆಟ್ಟಾದವನು ಆವೇಶದಲ್ಲಿ ತಲಾಖ್ ಎಂಬ ಪದವನ್ನು ಉಸುರಿದರೆ ನೆರೆಯವರು ಕೂಡಲೇ ಮುಫ್ತಿಗಳಾಗಿಬಿಡುತ್ತಾರೆ. ಬುದ್ಧಿ ಮುಚ್ಚಿಹೋದ ಸ್ಥಿತಿಯ ತಲಾಖ್ ತಲಾಖಲ್ಲವೆಂಬ ಅರ್ಥದ ಹದೀಸನ್ನು ಹಝ್ರತ್ ಆಇಶಾ(ರ) ವರದಿ ಮಾಡಿದ್ದಾರೆ, ಮತಿ ಕೆಟ್ಟವನ ಮಾತಿಗೆ ಫಿಕ್ಹ್ ಪಂಡಿತರು ಆ ತೂಕ ಕೊಟ್ಟಿಲ್ಲ. ದೇಶದ ಕಾನೂನೂ ಒಂದೇ ಉಸಿರಿನ ತಲಾಖನ್ನು 2019ರಿಂದ ಅಸಿಂಧುವೆಂದಿದೆ. ವೈದ್ಯರ ಕಾಗದದೊಂದಿಗೆ ಬಲ್ಲ ವಿದ್ವಾಂಸರ ಬಳಿಗೆ ಹೋಗುವ ಮೊದಲೇ ಒಂದು ಸಂಸಾರವನ್ನು ಮುರಿದು ಹಾಕುವುದು ಮತ್ತದೇ ತಂಡದ ಕೆಲಸ, ಮತ್ತದೇ ಒಡೆದ ತಲೆಯ ಮೇಲೆ ತಣ್ಣೀರು.

ಇಬಾದತ್ತಿನ ವಿಷಯದಲ್ಲೂ ಹಾಗೆಯೇ. ನಮಾಝಿನಲ್ಲಿ ರಕಅತ್ ಮರೆಯುತ್ತಾನೆ ಎಂದು ನಗುವವರಿದ್ದಾರೆ, ಉಪವಾಸವಿಲ್ಲ ಎಂದು ಮೂಗು ಮುರಿಯುವವರಿದ್ದಾರೆ. ರೋಗಿ ಕುಳಿತು, ಮಲಗಿ, ಸನ್ನೆಯಿಂದಲೂ ನಮಾಝ್ ಮಾಡಬಹುದು. ರೋಗಿಗೆ ಜುಮಾ ಕಡ್ಡಾಯವಲ್ಲ. ಉಪವಾಸವನ್ನು ಮುಂದೂಡುವ ಅವಕಾಶವನ್ನು ಕುರ್‌ಆನೇ ಕೊಟ್ಟಿದೆ, ಗುಣವಾಗುವ ನಿರೀಕ್ಷೆಯಿಲ್ಲದವನಿಗೆ ಫಿದ್ಯಾ ಇದೆ. ಹೊತ್ತಿಗೆ ಸರಿಯಾಗಿ ಸೆಳೆತದ ಮಾತ್ರೆ ನುಂಗದಿದ್ದರೆ ಮತ್ತೆ ಬಿದ್ದು ತಲೆಗೆ ಪೆಟ್ಟಾಗುವ ಅಪಾಯವಿದೆ. ವೈದ್ಯರನ್ನು ಕೇಳದೆ ಅವನನ್ನು ಉಪವಾಸಕ್ಕೆ ಹುರಿದುಂಬಿಸುವುದು ಪುಣ್ಯವಲ್ಲ. ಸಾಧ್ಯವಾದರೆ ಧ್ವನಿವರ್ಧಕದಿಂದ ದೂರವಿರುವ ಒಂದು ಮೂಲೆಯಲ್ಲಿ ಅವನಿಗೊಂದು ಕುರ್ಚಿ ಹಾಕಿಡಿ. ರಕಅತ್ ಮರೆತರೆ ಪಕ್ಕದವನ ಜೊತೆ ಎದ್ದು ಪಕ್ಕದವನ ಜೊತೆ ಕೂರುತ್ತಾನೆ.

ರೋಗಿಯ ಸಂದರ್ಶನದ ಪುಣ್ಯವನ್ನು ತಿಳಿಸುವ ಹದೀಸ್‌ಗಳಲ್ಲಿ ಮೂರು ದಿನ, ನಲವತ್ತು ದಿನ ಎಂಬ ಗಡುವನ್ನು ನಾನು ಓದಿಲ್ಲ. ಅಂತ್ಯದಿನದಂದು ರೋಗಿಯ ಪರವಾಗಿ ಅಲ್ಲಾಹನೇ ದಾಸನನ್ನು ಪ್ರಶ್ನಿಸುವನೆಂಬ ಹದೀಸೂ ರೋಗ ಎಷ್ಟು ಹಳೆಯದು ಎಂದು ಕೇಳುವುದಿಲ್ಲ. ಮತ್ತೊಂದು ಘಟನೆ ಸಹೀಹ್ ಮುಸ್ಲಿಮ್‌ನಲ್ಲಿದೆ, ಹಝ್ರತ್ ಅನಸ್(ರ) ವರದಿ ಮಾಡಿದ್ದು. ಮತಿಯಲ್ಲಿ ಏನೋ ಏರುಪೇರಿದ್ದ ಒಬ್ಬ ಹೆಂಗಸು ಪ್ರವಾದಿ(ಸ)ಯವರ ಬಳಿ ತನಗೊಂದು ಕೆಲಸವಿದೆ ಎಂದಳು. ಯಾವ ಬೀದಿಯಲ್ಲಿ ಬೇಕೋ ಅಲ್ಲಿ ನಿಂತು ನಿನ್ನ ಅಗತ್ಯ ಪೂರೈಸುವೆನೆಂದು ಅವರು ಒಪ್ಪಿ, ದಾರಿಬದಿಯಲ್ಲಿ ಆಕೆಯೊಂದಿಗೆ ನಿಂತರು, ಆಕೆಯ ಕೆಲಸ ಮುಗಿಯುವ ತನಕ. ಆ ಕೆಲಸ ಏನೆಂಬುದನ್ನು ವರದಿ ಹೇಳುವುದಿಲ್ಲ. ಮದೀನಾದ ಆಡಳಿತ, ಯುದ್ಧ, ಸಂಧಾನ, ಬೋಧನೆಗಳ ನಡುವೆ ಅವರಿಗೆ ಆಕೆಗಾಗಿ ಬೀದಿಯಲ್ಲಿ ನಿಲ್ಲಲು ಸಮಯವಿತ್ತು.

ನಾನು ಕೇಳುತ್ತಿರುವುದು ಅಷ್ಟೇ, ಸಮಯ. ಗುರುವಾರ ಅಸ್ರ್‌ನಿಂದ ಮಗ್ರಿಬ್‌ವರೆಗೆ ಒಬ್ಬರು ಅವನ ಬಳಿ ಕೂತರೆ ಅವನ ಹೆಂಡತಿ ಪಡಿತರ ಅಂಗಡಿಗೆ ಹೋಗಿ ಬಂದಾಳು, ಇಲ್ಲವೇ ಬಾಗಿಲು ಹಾಕಿಕೊಂಡು ಒಂದು ಗಂಟೆ ಮಲಗಿಯಾಳು. ದಿಣ್ಣೂರು ಮುಖ್ಯರಸ್ತೆಯಲ್ಲಿ ಅಂಗಡಿಯಿಟ್ಟವರು ಅವನಿಗೆ ದಿನಕ್ಕೆ ಎರಡು ಗಂಟೆಯ ಕೆಲಸ ಕೊಡಲಿ, ಮಾಡಬೇಕಾದುದನ್ನು ಒಂದು ಚೀಟಿಯಲ್ಲಿ ಬರೆದು ಗೋಡೆಗಂಟಿಸಲಿ. ತಿಂಗಳಿಗೆರಡು ಸಲ ಆ ಕಾರುಗಳಲ್ಲಿ ಒಂದು ಹೊಸೂರು ರಸ್ತೆಯ ಕಡೆ ತಿರುಗಲಿ. ಖುತ್ಬಾದಲ್ಲಿ ವರ್ಷಕ್ಕೊಮ್ಮೆಯಾದರೂ ಇಮಾಮರು ಈ ಗಾಯದ ಹೆಸರು ಹೇಳಲಿ.

ನಮ್ಮ ಮಸೀದಿಯ ಕಚೇರಿಯ ಬೀರುವಿನಲ್ಲಿ ಮೂರು ದಪ್ಪ ಪುಸ್ತಕಗಳಿವೆ: ನಿಕಾಹಿನದೊಂದು, ಜನಾಝಾದ್ದೊಂದು, ಚಂದಾದ್ದೊಂದು. ಮದುವೆಯಾದವರು, ಸತ್ತವರು, ಕೊಟ್ಟವರು ಎಲ್ಲರ ಲೆಕ್ಕವೂ ಇದೆ. ಹಾಸಿಗೆ ಹಿಡಿದವರ, ಮನೆಯೊಳಗೇ ಉಳಿದವರ ಪುಸ್ತಕವಿಲ್ಲ. ಕಳೆದ ಶುಕ್ರವಾರ ಒಂದು ಇನ್ನೂರು ಪುಟದ ನೋಟ್‌ಬುಕ್ ಕೊಂಡು ಹೋಗಿ ಕಾರ್ಯದರ್ಶಿಯವರ ಮೇಜಿನ ಮೇಲಿಟ್ಟೆ. ಇದರಲ್ಲಿ ಏನು ಬರೆಯಬೇಕು ಎಂದು ಅವರು ಕೇಳಿದರು. ಮೊದಲ ಸಾಲಿನಲ್ಲಿ ನನ್ನ ಭಾವಮೈದುನನ ಹೆಸರು, ಮನೆಯ ಸಂಖ್ಯೆ, ಬಿದ್ದ ತಾರೀಖು ಬರೆದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಪೆನ್ನು ತೆಗೆದುಕೊಂಡರು. ಎರಡನೆಯ ಸಾಲಿನಲ್ಲಿ ಬರೆದದ್ದು ತಮ್ಮ ಸ್ವಂತ ಅಕ್ಕನ ಹೆಸರನ್ನು.